ಹಡಗಿನೊಳಗೆ ಅಕ್ಕನ ಕಾರು

ಫ್ರಾನ್ಸಿನ ಮಾತು ಮೊದಲು ತೆಗೆದವಳು ನಮ್ಮಕ್ಕ. ಇಂಗ್ಲೆಂಡಿನ ಕಡಲ ದಂಡೆಯ ಒಂದು ಊರಿನಲ್ಲಿ ನರ್ಸ್ ಅವಳು. ಒಂದು ಭಾನುವಾರ ಮರಾಠಿ ನಾಡಿನ ವಾಕಡದ ನಮ್ಮ ಮನೆಗೆ ಫೋನ್ ಮಾಡಿ, "ಹೆಂಗಿದ್ರೂ ನನ್ನ ಕಡೆ ಬರ್ತೀರಿ. ನನ್ನ ಹಳೇ ಕಾರ್ ಹಡಗಿನ್ಯಾಗ ಹಾಕ್ಕೊಂಡು ಆ ಕಡೆ ಫ್ರಾನ್ಸಿಗೂ ಹೋಗಿಬರೂಣು" ಅಂದಳು.

ಚಪಾತಿ ಲಟ್ಟಿಸುತ್ತಿದ್ದ ಅವ್ವನ ಕೈ ನಿಂತಿತು. "ಕಾರ್ ಹಡಗಿನ್ಯಾಗ? ಯಾರ್ ಎತ್ತಿ ಇಡ್ತಾರ?"

"ಯಾರೂ ಎತ್ತೂದಿಲ್ಲವ್ವಾ. ನಾವ ಓಡಿಸ್ಕೋತ ಒಳಗ ಹೋಗೂದು."

ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಪಕ್ಕದ ಮನೆಯಾಕೆಗೂ ಅವ್ವ ತನ್ನ ಹರಕು ಮರಾಠಿಯಲ್ಲಿ ಹೇಳಿ ಬಂದಳು. ಆಕೆ "ಅಗಬಾಯಿ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳಂತೆ.

ಹೋಟೆಲು ನಮಗೆ ನಿಲುಕುವಂಥದಲ್ಲ. ಫ್ರಾನ್ಸಿನಲ್ಲಿ ಉಳಿಯಲು ಅಡಿಗೆ ಒಲೆಯಿರುವ ಬಾಡಿಗೆಯ ಮರದ ಗುಡಿಸಲೊಂದನ್ನು ಅಕ್ಕ ಹುಡುಕಿದಳು. ಶನಿವಾರದ ಹಡಗು ದುಬಾರಿ, ವಾರದ ನಡುವಿನದು ಅಗ್ಗ ಎಂಬುದನ್ನು ನಾನು ಕಂಡುಹಿಡಿದೆ. ಆದರೆ ಒಂದು ತೊಡಕು ಬಂತು. ಫ್ರಾನ್ಸಿನಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು, ಅದಕ್ಕೆ ಅಕ್ಕನಿಗೆ ಭಯ. ವಿಮೆಯಲ್ಲಿ ಇನ್ನೊಬ್ಬರ ಹೆಸರು ಸೇರಿಸಬಹುದಿತ್ತು, ಒಬ್ಬರದು ಮಾತ್ರ.

ಅದು ತಮ್ಮದೇ ಎಂದು ನನ್ನ ಗಂಡ ಕೇಳದೆಯೇ ತಿಳಿದುಕೊಂಡರು. ದೂರದ ಪ್ರಯಾಣದಲ್ಲಿ ಸ್ಟೀರಿಂಗ್ ಎಂದೂ ಅವರದೇ. ಹಿಂಜವಡಿಯ ದಟ್ಟಣೆಯಲ್ಲಿ ದಿನಾ ಆಫೀಸಿಗೆ ಓಡಿಸುವ ನಾನು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಡುತ್ತಿದ್ದೆ.

ಅಭ್ಯಾಸಕ್ಕೆಂದು ಅವರು ಊಟದ ಮೇಜಿನ ನಡುವೆ ತಟ್ಟೆಯಿಟ್ಟು ವೃತ್ತ ಮಾಡಿ, ಬೆಂಕಿಪೆಟ್ಟಿಗೆಯನ್ನೇ ಕಾರು ಮಾಡಿಕೊಂಡರು. ಪ್ರತಿ ಸಲವೂ ಎಡಕ್ಕೇ ಹೊರಳಿದರು. "ಅಳಿಯಂದ್ರ, ಎದುರಿನ ಲಾರಿಗೆ ಹೊಡದ್ರಿ ನೋಡ್ರಿ" ಎಂದು ಅವ್ವ ನಕ್ಕಳು. ನಾನು ಪೆಟ್ಟಿಗೆ ತೆಗೆದುಕೊಂಡು ಬಲಕ್ಕೆ ಸರಿಯಾಗಿ ಸುತ್ತಿಸಿದೆ. ಮತ್ತೊಮ್ಮೆ ಸುತ್ತಿಸಿದೆ. ಅದನ್ನು ನೋಡಿ ಅವರು, "ನೀನ ಹೊಡಿ. ನಾ ಹಿಂದ ಕೂಡ್ತೀನಿ" ಅಂದರು.

"ಖರೇನ?"

"ಖರೇ. ನಾಳೆನ ಆರ್‌ಟಿಓಕ್ಕ ಹೋಗಿ ಪರ್ಮಿಟ್‌ಗೆ ಅರ್ಜಿ ಹಾಕು."

ವಿದೇಶದಲ್ಲಿ ಓಡಿಸುವ ಪರವಾನಗಿ ಕೈಗೆ ಬಂದ ದಿನ ನಾನು ಅದನ್ನು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದೆ.

ಬೇಸಿಗೆಯಲ್ಲಿ ಹೊರಟೇಬಿಟ್ಟೆವು. ಅಕ್ಕನ ಮನೆ ಸೇರಿ, ಅಲ್ಲಿಂದ ಅವಳ ಕಾರಿನಲ್ಲಿ ಬಂದರಿಗೆ ಹೋದಾಗ ಹಡಗು ಬಾಯಿ ತೆರೆದು ನಿಂತಿತ್ತು. ಹಳದಿ ಅಂಗಿಯವನು ಕೈಬೀಸಿ ಕರೆದ. ಕಬ್ಬಿಣದ ಸೇತುವೆ ಚಕ್ರದ ಕೆಳಗೆ ದಡದಡ ಎನ್ನುತ್ತಿರುವಂತೆ ನಾನು ಕಾರನ್ನು ಒಳಗೆ ಓಡಿಸಿದೆ. ಒಳಗೆ ಕಾರಿನ ಹಿಂದೆ ಕಾರು, ಅದರಾಚೆ ದೊಡ್ಡ ಲಾರಿಗಳು. "ಯವ್ವಾ, ಒಂದ ಊರ ಅದಲ್ಲ ಇದರಾಗ!" ಅಂದಳು ಅವ್ವ. ಮೇಲೆ ಹೋಗಿ ಕಟಕಟೆ ಹಿಡಿದು ನಿಂತವಳು, ಸೆರಗು ಗಾಳಿಗೆ ಹಾರಿದರೂ ಒಳಗೆ ಬರಲೊಲ್ಲಳು.

ಆಚೆ ದಡದಲ್ಲಿ ಇಳಿದಾಗ ಮೊದಲ ತಿರುವಿನಲ್ಲಿ ಬೆಂಕಿಪೆಟ್ಟಿಗೆ ನೆನಪಾಯಿತು. ಕಾರು ಬಲಕ್ಕೆ ಹೊರಳಿ ಗೋದಿ ಹೊಲಗಳ ನಡುವಿನ ರಸ್ತೆ ಹಿಡಿಯಿತು. ನನಗೆ ಜೋರಾಗಿ ಹಾಡಬೇಕೆನಿಸಿತು, ಹಾಡಿದೆ ಕೂಡ.

ಮುಂದೊಂದು ಹಣ್ಣಿನಂಗಡಿಯ ಹತ್ತಿರ ನಿಲ್ಲಿಸಿದೆ. ಅವ್ವ ಇಳಿದು ಧಾರವಾಡದ ಕನ್ನಡದಲ್ಲೇ ಚೌಕಾಸಿ ಶುರುಮಾಡಿದಳು. ಅಂಗಡಿಯಾಕೆ ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕು, ಚೀಲಕ್ಕೆ ಇನ್ನೊಂದು ಪೀಚ್ ಹಣ್ಣು ಹಾಕಿದಳು.