ಗಿರಿಜತ್ತೆಯ ಹುಚ್ಚುಗಳು

ಕಳೆದ ತಿಂಗಳು ಮಗಳು ಶಾಲೆಯಿಂದ ಬಂದವಳೇ ಚೀಲದೊಳಗಿಂದ ಒಂದು ಹಳದಿ ಉಣ್ಣೆಯ ಚೆಂಡು ತೆಗೆದು ಊಟದ ಮೇಜಿನ ಮೇಲಿಟ್ಟಳು. ಬಾಲ್ ಬ್ಯಾಡ್ಮಿಂಟನ್ ಚೆಂಡು. ಆಡಿ ಆಡಿ ಅದರ ಎಳೆಗಳು ಅಲ್ಲಲ್ಲಿ ಎದ್ದಿದ್ದವು, ಒಂದು ಬದಿಗೆ ಕೆಂಪು ಮಣ್ಣು ಮೆತ್ತಿತ್ತು. ಉಣ್ಣೋ ಜಾಗದಲ್ಲಿ ಇದನ್ನು ಯಾಕೆ ಇಟ್ಟೆ ಎಂದು ಗದರಲು ಕೈಗೆತ್ತಿಕೊಂಡವಳು ಯಾಕೋ ಮೂಗಿನ ಹತ್ತಿರ ಹಿಡಿದೆ. ಉಣ್ಣೆ, ಒಣಮಣ್ಣು, ಬೆವರಿದ ಅಂಗೈ ಮೂರೂ ಕೂಡಿದ ವಾಸನೆ. ಶಿರಾಳಕೊಪ್ಪದ ನಮ್ಮ ಮನೆಯ ಹಿತ್ತಿಲು, ಇಳಿಬಿಸಿಲು, ಸೆರಗನ್ನು ಸೊಂಟಕ್ಕೆ ಬಿಗಿದು ಬ್ಯಾಟು ಹಿಡಿದು ನಿಂತ ಗಿರಿಜತ್ತೆ ಎಲ್ಲವೂ ಒಮ್ಮೆಗೇ ಎದುರಿಗೆ ಬಂದವು. "ಏನಾಯ್ತಮ್ಮ?" ಎಂದಳು ಮಗಳು. ಏನಿಲ್ಲ ಎಂದೆ. ನಿಮ್ಮ ಮನೆಗಳಲ್ಲೂ ಇಂಥ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇದ್ದಿರಬಹುದು. ಹಬ್ಬಕ್ಕೋ ಮದುವೆಗೋ ಎಲ್ಲರೂ ಸೇರಿದಾಗ ಅವರ ಹೆಸರು ಬಂದರೆ ಕೂತವರೆಲ್ಲ ಮಳೆ ಬೆಳೆಯ ವಿಷಯಕ್ಕೆ ಹೊರಳಿಕೊಳ್ಳುತ್ತಾರಲ್ಲ, ಅಂಥವರು.

ಗಿರಿಜತ್ತೆ ನನ್ನ ಅಪ್ಪನ ತಂಗಿ. ಆನವಟ್ಟಿ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದಳು. ಉಡುತಡಿಯಲ್ಲಿ ನಮ್ಮ ಹೊಲ ಇತ್ತು, ಶಿರಾಳಕೊಪ್ಪದಲ್ಲಿ ಅಪ್ಪನ ಮೆಕ್ಕೆಜೋಳದ ಮಂಡಿ ಮತ್ತು ಮನೆ. ಮನೆಯ ಹಿಂಬದಿಗೆ, ಹಳೆಯ ಕಾಳಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಎಷ್ಟು ಗುಡಿಸಿದರೂ ಗೋಡೆಯಿಂದ ಜೋಳದ ಹೊಟ್ಟು ಉದುರುತ್ತಲೇ ಇದ್ದ ಆ ಕೋಣೆಯನ್ನು ಅತ್ತೆ ಹೇಗೆ ಬದಲಾಯಿಸಿಬಿಟ್ಟಳೆಂದರೆ, ಶಾಲೆ ಬಿಟ್ಟ ಕೂಡಲೇ ನಾನೂ ಅಕ್ಕ ಸುಮಿತ್ರಾಳೂ ಅಲ್ಲಿಗೇ ಓಡುತ್ತಿದ್ದೆವು. ಅವ್ವ ಕರೆದು ಕರೆದು ಸಾಕಾಗಿ ಸುಮ್ಮನಾಗುತ್ತಿದ್ದಳು.

ಪುಸ್ತಕ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅಕ್ಕಪಕ್ಕದ ಮನೆಗಳವರು ಓದಿ ಬಿಸಾಡಿದ ವಾರಪತ್ರಿಕೆಗಳನ್ನು ಕೇಳಿ ತರುತ್ತಿದ್ದಳು. ಧಾರಾವಾಹಿ ಬಂದ ಹಾಳೆಗಳನ್ನು ಮಾತ್ರ ಜೋಪಾನವಾಗಿ ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ದಬ್ಬಣದಿಂದ ತೂತು ಮಾಡಿ ಗೋಣಿದಾರದಲ್ಲಿ ಹೊಲಿಯುತ್ತಿದ್ದಳು. ಮೇಲೆ ಹಳೇ ಕ್ಯಾಲೆಂಡರಿನ ಹೊದಿಕೆ, ಅದರ ಬಿಳಿ ಬೆನ್ನು ಹೊರಗೆ ಬರುವಂತೆ. ನಡುವೆ ಒಂದು ವಾರದ ಸಂಚಿಕೆ ಸಿಗದೆ ಹೋದರೆ ಆ ಜಾಗದಲ್ಲಿ ಖಾಲಿ ಹಾಳೆ ಸೇರಿಸಿ, ಏನು ನಡೆದಿರಬಹುದೆಂದು ತಾನೇ ಬರೆಯುತ್ತಿದ್ದಳು. ಅಚ್ಚಾದ ಕಥೆಗಿಂತ ಅವಳು ಬರೆದ ತುಂಡುಗಳೇ ನಮಗೆ ರುಚಿಸುತ್ತಿದ್ದವು. ಅವುಗಳಲ್ಲಿ ಯಾರೂ ಸುಮ್ಮಸುಮ್ಮನೆ ಸಾಯುತ್ತಿರಲಿಲ್ಲ.

ಹಾಡಿನದೂ ಹಾಗೆಯೇ. ಒಂದು ಟೇಪ್ ರೆಕಾರ್ಡರ್ ಅವಳ ಗಂಡನ ಮನೆಯಿಂದ ಟ್ರಂಕಿನೊಳಗೆ ಬಂದಿತ್ತು. ರೇಡಿಯೋದಲ್ಲಿ ಬೇಕಾದ ಹಾಡು ಬಂದ ಕೂಡಲೇ ಅದನ್ನು ರೇಡಿಯೋದ ಬಾಯಿಗೆ ಒತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಉಸಿರು ಬಿಗಿಹಿಡಿದು ಕೂರಬೇಕು ಎಂದು ನಮಗೆ ಕಣ್ಣಲ್ಲೇ ತಾಕೀತು. ಆದರೆ ಮನೆ ಎಂಬುದು ಸುಮ್ಮನಿರುತ್ತದೆಯೇ? ಹಾಡಿನ ನಡುವೆ ಅಜ್ಜಿಯ ಕೆಮ್ಮು, ಕೊಡಪಾನ ಇಳಿಸಿದ ಸದ್ದು, ಬಾಗಿಲಲ್ಲಿ ಬಂದು ನಿಂತ ಹಾಲಿನವಳ "ಅಕ್ಕಾರ ಹಾಲು" ಎಂಬ ಕೂಗು, ಒಮ್ಮೆ "ಅತ್ತೀ, ಮುಗೀತಾ?" ಎಂಬ ನನ್ನದೇ ಪಿಸುಮಾತು, ಎಲ್ಲವೂ ಆ ಕ್ಯಾಸೆಟ್ಟುಗಳಲ್ಲಿ ಸೇರಿಹೋಗಿದ್ದವು. ಅಜ್ಜಿ ಸತ್ತ ಮೇಲೆ ಅತ್ತೆ ಆ ಕ್ಯಾಸೆಟ್ಟನ್ನು ಹಾಕಿ, ಹಾಡು ಬಿಟ್ಟು ಕೆಮ್ಮಿಗಾಗಿ ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ.

ಇನ್ನು ಅಡುಗೆ. ಮರಳು ತುಂಬಿದ ಬಾಣಲೆಯೊಳಗೆ ಪಾತ್ರೆಯಿಟ್ಟು ಕೇಕು ಬೇಯಿಸಿದವರು ನಮ್ಮ ಓಣಿಯಲ್ಲಿ ಅವಳೊಬ್ಬಳೇ. ಅವಳ ಎಣಗಾಯಿಯ ಮಸಾಲೆ, ಶೇಂಗಾ ಹೋಳಿಗೆ, ಬೆಳ್ಳುಳ್ಳಿ ಕರಿಬೇವು ಸಿಡಿಸಿದ ಮಂಡಕ್ಕಿ ಒಗ್ಗರಣೆ ಇವನ್ನು ತಿನ್ನಲೆಂದೇ ಮಂಡಿಗೆ ಬಂದ ವ್ಯಾಪಾರಸ್ಥರು ಮನೆಗೂ ಬರುತ್ತಿದ್ದರು. ಅಪ್ಪ ಹೆಮ್ಮೆಯಿಂದ ಕರೆತರುತ್ತಿದ್ದ. ಆದರೆ ನಾಲ್ಕೂ ಹುಚ್ಚುಗಳಲ್ಲಿ ಅವಳಿಗೆ ಪ್ರಾಣವಾಗಿದ್ದದ್ದು ಆಟ. ಹೈಸ್ಕೂಲಿನಲ್ಲಿದ್ದಾಗ ಜಿಲ್ಲೆಯ ತಂಡದಲ್ಲಿ ಆಡಿದ್ದಳಂತೆ. ಹಿತ್ತಿಲಿನ ಕಣದಲ್ಲಿ ಎರಡು ಬಿದಿರು ನೆಟ್ಟು, ಸೆಣಬಿನ ಹುರಿಯಲ್ಲಿ ತಾನೇ ಹೆಣೆದ ಬಲೆ ಕಟ್ಟಿ, ಓಣಿಯ ಹುಡುಗಿಯರನ್ನೆಲ್ಲ ಸೇರಿಸಿ ಆಡಿಸುತ್ತಿದ್ದಳು. ಚೆಂಡು ಎತ್ತರಕ್ಕೆ ಬಂದಾಗ ಅವಳು ನೆಲ ಬಿಟ್ಟು ಮೇಲೇಳುತ್ತಿದ್ದ ರೀತಿ ಇನ್ನೂ ಕಣ್ಣಲ್ಲಿದೆ. ಮಾತು ಕಡಿಮೆ, ತಲೆ ತಗ್ಗಿಸಿ ಓಡಾಡುವ ಹೆಂಗಸು ಅಲ್ಲಿ ಬೇರೆಯೇ ಆಗುತ್ತಿದ್ದಳು. "ಕೈ ನೋಡಬ್ಯಾಡ್ರೇ, ಚೆಂಡು ನೋಡ್ರಿ" ಎಂದು ಗಟ್ಟಿಯಾಗಿ ಕೂಗುತ್ತಿದ್ದಳು. ಆ ದನಿ ಅಡುಗೆಮನೆಯಲ್ಲಿ ಒಮ್ಮೆಯೂ ಕೇಳಿದ್ದಿಲ್ಲ. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಹಿತ್ತಿಲು ರಸ್ತೆಗೆ ಕಾಣುವುದಿಲ್ಲವೆಂದು ಸುಮ್ಮನಿದ್ದ.

ಸುಮಿತ್ರಕ್ಕನಿಗೆ ಸೊರಬದ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಜನ, ಹುಡುಗನಿಗೆ ನೌಕರಿ. ನೋಡಲು ಬರುವ ದಿನ ಇನ್ನೂ ಗೊತ್ತಾಗಿರಲಿಲ್ಲ. ಒಂದು ಸಂಜೆ ಹುಡುಗನ ತಂದೆ ಯಾವುದೋ ಕೆಲಸಕ್ಕೆ ಶಿರಾಳಕೊಪ್ಪದ ಸಂತೆಗೆ ಬಂದವರು, ಹಾಗೇ ಮನೆ ನೋಡಿಕೊಂಡು ಹೋಗೋಣವೆಂದು ಅಪ್ಪನ ಜೊತೆ ಬಂದುಬಿಟ್ಟರು. ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ಸದ್ದು ಕೇಳಿ ಅವರು ನೇರ ಹಿತ್ತಿಲಿಗೇ ನಡೆದರು. ಅದೇ ಹೊತ್ತಿಗೆ ಅತ್ತೆ ಒಂದು ಚೆಂಡನ್ನು ಮೇಲಿಂದ ಹೊಡೆದು ಕೆಳಗಿಳಿದಿದ್ದಳು. ಕೂದಲು ಬಿಚ್ಚಿತ್ತು, ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿತ್ತು. ಹುಡುಗಿಯರು ಅಲ್ಲಲ್ಲೇ ನಿಂತುಬಿಟ್ಟರು. ಆ ಮನುಷ್ಯ ಬಲೆಯನ್ನು, ಅವಳನ್ನು ನೋಡುತ್ತ, "ಇವರು ಯಾರ್ರೀ?" ಎಂದರು.

ಅಪ್ಪ ಕ್ಷಣವೂ ತಡೆಯಲಿಲ್ಲ. "ದೂರದ ಪೈಕಿ ರೀ. ಅಡುಗಿಗೆ ಅಂತ ಇಟ್ಕಂಡೀವಿ" ಎಂದ.

ಅತ್ತೆ ಅವರಿಂದ ಒಂದು ಮಾರು ದೂರದಲ್ಲಿದ್ದಳು. ಕೇಳಿಸಿತ್ತು. ಅಣ್ಣನ ಮುಖ ನೋಡಿದಳು, ಅವನು ಬಿದಿರಿನ ಕಡೆ ನೋಡುತ್ತಿದ್ದ. ಬ್ಯಾಟನ್ನು ಗೋಡೆಗೆ ಒರಗಿಸಿ, ಸೀರೆ ಇಳಿಸಿಕೊಂಡು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದಳು. ಸ್ವಲ್ಪ ಹೊತ್ತಿಗೆ ಒಳಗಿಂದ ರವೆ ಹುರಿಯುವ ಘಮ ಬಂತು. ಕೇಸರಿಬಾತು, ಉಪ್ಪಿಟ್ಟು ಎರಡನ್ನೂ ತಂದಿಟ್ಟು, ಅಡುಗೆಯವರು ನಿಲ್ಲುವ ಹಾಗೆಯೇ ಬಾಗಿಲ ಮರೆಗೆ ನಿಂತಳು. "ಕೈ ಭಾಳ ರುಚಿ ಐತಿ" ಎಂದರು ಬಂದವರು. ಅವರು ಹೋದ ಮೇಲೆ ಅವ್ವ ತಟ್ಟೆ ತೆಗೆಯುತ್ತ, "ಗಂಡಿನ ಕಡೇರ ಮುಂದ ಮತ್ತೇನು ಹೇಳಬೇಕಿತ್ತು, ನೀನೂ ಸ್ವಲ್ಪ ತಿಳ್ಕಾಬೇಕು ಗಿರಿಜಾ" ಎಂದಳು. ಅತ್ತೆ ಹೂಂ ಎಂದಳು, ಅಷ್ಟೇ. ಮರುದಿನ ಬೆಳಿಗ್ಗೆ ಮಂಡಿಯ ಹಮಾಲಿಗಳು ಬಂದು ಬಿದಿರು ಕಿತ್ತರು. ಹುರಿಯ ಬಲೆಯಲ್ಲಿ ಮೆಕ್ಕೆಜೋಳದ ತೆನೆ ಕಟ್ಟಿದರು.

ಸಂಬಂಧ ಕುದುರಿತು. ಮದುವೆಗೆ ಮುಂಚೆ ಹಪ್ಪಳ ಸಂಡಿಗೆ ಮಾಡಿಸಲೆಂದು ಅತ್ತೆಯನ್ನು ಉಡುತಡಿಗೆ ಕಳಿಸಿದರು. ಅವಳಿಲ್ಲದ ಆ ದಿನಗಳಲ್ಲಿ, ಮದುವೆಯ ಸಾಮಾನು ಇಡಲು ಜಾಗ ಬೇಕೆಂದು ಅಪ್ಪ ಹಿಂದಿನ ಕೋಣೆ ಖಾಲಿ ಮಾಡಿಸಿದ. ಹೊಲಿದ ಪುಸ್ತಕಗಳೆಲ್ಲ ಗುಜರಿಯವನ ಗಾಡಿಗೆ ಹೋದವು. ನಾನು ಅಳುತ್ತ ಗಾಡಿಯ ಹಿಂದೆ ಹೋದೆ, ಅಪ್ಪ ರಟ್ಟೆ ಹಿಡಿದು ಎಳೆದುತಂದ. ಟೇಪ್ ರೆಕಾರ್ಡರ್ ಮತ್ತು ಕ್ಯಾಸೆಟ್ಟುಗಳು ಮದುವೆಗೆ ಬೇಕಾಗುತ್ತವೆಂದು ಉಳಿದವು. ಉಳಿದದ್ದಕ್ಕೆ ಖುಷಿಪಟ್ಟ ನನಗೆ ಅವು ಯಾವುದಕ್ಕೆ ಬೇಕಾಗುತ್ತವೆಂದು ಹೊಳೆಯಲಿಲ್ಲ. ಮುಂದೆ ಮದುವೆಯ ಓಲಗ, ಹೆಂಗಸರ ಹಾಡು, ದೊಡ್ಡವರ ಆಶೀರ್ವಾದದ ಮಾತು ಎಲ್ಲವನ್ನೂ ಅವುಗಳ ಮೇಲೆಯೇ ರೆಕಾರ್ಡ್ ಮಾಡಿದರು. ಅಜ್ಜಿಯ ಕೆಮ್ಮು ಇದ್ದದ್ದರ ಮೇಲೂ.

ಉಡುತಡಿಯಿಂದ ಬಂದ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕಿ ಮೂಟೆಗಳನ್ನು ನೋಡಿದಳು. ಅದೇ ವಾರದ ಒಂದು ಸಂಜೆ ಅಪ್ಪ ಬಸ್‌ಸ್ಟ್ಯಾಂಡಿನಿಂದ ಎಲ್ಲರಿಗೂ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚಿ ಹಂಚುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ಎಣ್ಣೆ ಕುಡಿದ ಆ ಹಾಳೆಯ ಅಂಚಿನಲ್ಲಿ ಸಾಲಾಗಿ ದಬ್ಬಣದ ತೂತುಗಳಿದ್ದವು. ಅದರಲ್ಲಿದ್ದದ್ದು ಅಚ್ಚಿನ ಅಕ್ಷರವಲ್ಲ, ಅವಳದೇ ಕೈಬರಹ. ಹಾಳೆಯನ್ನು ತೊಡೆಯ ಮೇಲಿಟ್ಟು, ಸುಕ್ಕು ಬಿಡಿಸಿ, ಮೊದಲಿಂದ ಕೊನೆಯವರೆಗೆ ಓದಿದಳು. ಅಪ್ಪ ತಿನ್ನುವುದನ್ನು ನಿಲ್ಲಿಸಿದ್ದ. "ಚಲೋ ಬರದೀನಿ" ಎಂದಳು, ಯಾರಿಗೋ ಹೇಳುವಂತೆ. ಆಮೇಲೆ ಎದ್ದುಹೋಗಿ ಹಾಳೆಯನ್ನು ಒಲೆಗೆ ಹಾಕಿದಳು. ಅವತ್ತಿನಿಂದ ಇಂದಿಗೂ ನಾನು ಮಿರ್ಚಿ ತಿಂದಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ಅಷ್ಟೂ ದಿನ ಅಡುಗೆಭಟ್ಟರ ಜೊತೆ ನಿಂತವಳು ಅತ್ತೆ. ಅವಳು ಅಪ್ಪನ ಸ್ವಂತ ತಂಗಿ ಎಂಬುದು ಬೀಗರಿಗೆ ಆ ಹೊತ್ತಿಗೆ ಗೊತ್ತಾಗಿತ್ತು. ಅವರೂ ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಅಕ್ಕನನ್ನು ಗಂಡನ ಮನೆಗೆ ಕಳಿಸಿ, ಚಪ್ಪರ ಬಿಚ್ಚಿ, ಎರವಲು ತಂದ ಪಾತ್ರೆಗಳನ್ನೆಲ್ಲ ತೊಳೆದು ಹಿಂದಿರುಗಿಸಿ ಆದ ಮೇಲೆ, ಅತ್ತೆ ತನ್ನ ಟ್ರಂಕನ್ನು ಜಗಲಿಗೆ ತಂದಿಟ್ಟಳು. ಸೊರಬದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿದೆಯೆಂದಳು. ಅಪ್ಪ ಕೆಂಡವಾದ.

"ಮಂದಿ ಮನಿ ಕೂಳು ಬೇಸಾಕ ಹೋಗ್ತೀಯಾ? ನನ್ನ ಮರ್ಯಾದಿ ಏನಾತು?"

"ನೀನೇ ಹೇಳಿದ ಕೆಲಸಣ್ಣ. ಇಲ್ಲಿ ಸಂಬಳ ಇರಲಿಲ್ಲ, ಅಲ್ಲಿ ಕೊಡ್ತಾರೆ."

ಇಷ್ಟೇ ಅವರಿಬ್ಬರ ಕೊನೆಯ ಮಾತು. ಅಪ್ಪ ಅವಳ ಹೆಸರೆತ್ತಕೂಡದೆಂದು ಮನೆಯಲ್ಲಿ ಕಟ್ಟುಮಾಡಿದ. ಅವ್ವ ಒಲೆಯ ಮುಂದೆ ನಿಂತಾಗಲೆಲ್ಲ ಅತ್ತೆಯ ಮೇಲೆ ಸಿಡುಕುತ್ತಿದ್ದಳು. ನಮ್ಮ ಮನೆಯಲ್ಲಿ ಅವಳಿಗಾಗಿ ಯಾರಾದರೂ ಮರುಗಿದ್ದರೆ ಅದು ಊಟದ ಹೊತ್ತಿನಲ್ಲಿ ಮಾತ್ರ.

ನಾನು ಡಿಗ್ರಿ ಓದುವಾಗ ಮನೆಯಲ್ಲಿ ಹೇಳದೆ ಸೊರಬದ ಬಸ್ಸು ಹತ್ತಿದೆ. ಹಾಸ್ಟೆಲ್ಲಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ತಬ್ಬಿಕೊಂಡು ಬೆನ್ನು ಸವರಿ, "ಎಷ್ಟು ಉದ್ದ ಆಗೀಯೆ ಪುಟ್ಟಿ" ಎಂದಳು. ಕೋಣೆಯ ಗೋಡೆ ಬರಿದಾಗಿತ್ತು. ಒಂದು ಪತ್ರಿಕೆ ಇಲ್ಲ, ರೇಡಿಯೋ ಇಲ್ಲ. ನಾನು ಒಂದು ಕಾದಂಬರಿ ಮತ್ತು ಹೊಸ ಕ್ಯಾಸೆಟ್ಟು ತಂದಿದ್ದೆ. ಎರಡನ್ನೂ ತಿರುಗಿಸಿ ನೋಡಿ ನನ್ನ ಚೀಲಕ್ಕೇ ಹಾಕಿದಳು. ಸಂಜೆ ಹಾಸ್ಟೆಲ್ಲಿನ ಹುಡುಗಿಯರು ಅಂಗಳದಲ್ಲಿ ಆಡುವ ಸದ್ದು ಕೇಳುತ್ತಿತ್ತು. ನೀನು ಅವರಿಗೆ ಕಲಿಸಬಹುದಲ್ಲ ಎಂದೆ.

"ಇಲ್ಲಿ ಯಾರೂ ಬ್ಯಾಡ ಅನ್ನಲ್ಲ" ಎಂದಳು. "ವಾರ್ಡನ್ ಬಾಯಿ ಅವರೇ ಒಂದು ಸಲ ಕರದಿದ್ರು. ಹೋಗಿ ಬ್ಯಾಟು ಹಿಡಕಂಡು ನಿಂತೆ. ಏನೂ ಅನ್ನಿಸಲಿಲ್ಲ ಪುಟ್ಟಿ. ಸೌಟು ಹಿಡಕಂಡಂಗೇ ಅನ್ನಿಸ್ತು. ಕೊಟ್ಟು ಬಂದೆ."

ಬೇಸರದಿಂದ ಹೇಳಲಿಲ್ಲ, ಹವಾಮಾನ ಹೇಳಿದಂತೆ ಹೇಳಿದಳು. ನಾನು ಅವಳ ಸಿಟ್ಟನ್ನು, ಅಳುವನ್ನು ಎದುರಿಸಲು ಸಿದ್ಧಳಾಗಿ ಹೋಗಿದ್ದೆ. ಕಿತ್ತುಕೊಂಡದ್ದನ್ನು ಯಾವತ್ತಾದರೂ ಹಿಂದೆ ಕೊಡಬಹುದೆಂದು ನಂಬಿಕೊಂಡಿದ್ದ ವಯಸ್ಸು ಅದು. ಬೇಕು ಎನ್ನುವ ಆಸೆಯೇ ಒಳಗೆ ಸತ್ತುಹೋಗಬಹುದೆಂದು ಯಾರೂ ನನಗೆ ಹೇಳಿರಲಿಲ್ಲ.

ಅಕ್ಕನ ಮಾವ ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ಅಕ್ಕ ನನ್ನನ್ನು ಒಳಕೋಣೆಗೆ ಕರೆದು ಒಂದು ಮಾತು ಹೇಳಿದಳು. ಮಾವ ತಮ್ಮ ಕೊನೆಯ ವರ್ಷಗಳಲ್ಲೂ ಆಗಾಗ ಗಿರಿಜತ್ತೆಯನ್ನು ನೆನೆಯುತ್ತಿದ್ದರಂತೆ. "ನಿಮ್ಮ ಅತ್ತಿ ಏನು ಜಿಗದು ಹೊಡೀತಿದ್ಲು ಅವತ್ತು! ಇಂಥ ಹೆಣ್ಣುಮಗಳಿರೋ ಮನಿಯಿಂದ ಸೊಸೆ ಬರಲಿ ಅಂತ ಅವತ್ತೇ ತೀರ್ಮಾನ ಮಾಡಿದೆ" ಎನ್ನುತ್ತಿದ್ದರಂತೆ. ಹೊರಗೆ ಅಪ್ಪ ನಾಲ್ಕು ಜನರ ನಡುವೆ ಕೂತು ಕಾಫಿ ಕುಡಿಯುತ್ತಿದ್ದ. ಹೋಗಿ ಹೇಳಿಬಿಡಬೇಕೆನ್ನಿಸಿತು. ಅಕ್ಕ ಕೈ ಹಿಡಿದು ತಡೆದಳು. ಈಗಲೂ ಅವನಿಗೆ ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆ ಸೊರಬದಲ್ಲೇ ತೀರಿಕೊಂಡಳು. ಎಲ್ಲ ಮುಗಿದ ಮೇಲೆ ಬದುಕಿದ್ದಾಗ ಇಲ್ಲದ ಅಕ್ಕರೆ ಎಲ್ಲರಿಗೂ ಉಕ್ಕಿತು. ತಿಥಿಯನ್ನು ಶಿರಾಳಕೊಪ್ಪದ ಮನೆಯಲ್ಲೇ ಮಾಡಬೇಕೆಂದು ಅಪ್ಪನೇ ಹಟ ಹಿಡಿದ. ಹೂವಿನ ಹಾರ ಹಾಕಲು ಒಂದು ಫೋಟೋ ಬೇಕಾಯಿತು. ಅವಳದಿದ್ದ ಒಂದೇ ಫೋಟೋ, ಹೈಸ್ಕೂಲಿನ ತಂಡದ್ದು, ಕೋಣೆ ಖಾಲಿ ಮಾಡಿದ ದಿನವೇ ಹೋಗಿತ್ತು. ಹುಡುಕಿ ಹುಡುಕಿ ಕೊನೆಗೆ ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ, ಊಟದ ಪಂಕ್ತಿಯ ಒಂದು ಚಿತ್ರದಲ್ಲಿ ಸಿಕ್ಕಳು. ಸ್ಟುಡಿಯೋದವನು ಅಕ್ಕಪಕ್ಕದವರನ್ನೆಲ್ಲ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ದೊಡ್ಡದು ಮಾಡಿ ಕಟ್ಟುಹಾಕಿಸಿ ಕೊಟ್ಟ. ಬಂದವರೆಲ್ಲ ಕೈಮುಗಿದು, ಎಂಥ ಕೈರುಚಿ ಅವಳದು ಎನ್ನುತ್ತ ಎಲೆಯ ಮುಂದೆ ಕೂತರು. ಪಡಸಾಲೆಯ ಗೋಡೆಯ ಮೇಲೆ ಅದು ಈಗಲೂ ಇದೆ. ಅತ್ತೆ ಸ್ವಲ್ಪ ಬಗ್ಗಿದ್ದಾಳೆ, ಕಣ್ಣು ಕೆಳಗೆ, ಯಾರದೋ ಎಲೆಯ ಕಡೆ. ಚಿತ್ರದ ಕೆಳಗಿನ ಮೂಲೆಯಲ್ಲಿ, ಅಳಿಸಲು ಬಿಟ್ಟುಹೋದ ಸಾರಿನ ಬಕೆಟ್ಟಿನ ಹಿಡಿ ಕಾಣುತ್ತದೆ.