ಹಜೀರಾದ ಹಡಗು, ಜಲಜಾಳ ಭರಣಿ

ಜಲಜಾಳ ಗಂಡ ಸತ್ತದ್ದು ಮೇ ತಿಂಗಳ ಹತ್ತೊಂಬತ್ತಕ್ಕೆ, ಮಧ್ಯಾಹ್ನ ಮೂರು ಗಂಟೆಗೆ. ಹಡಗಿನ ಕಪ್ಪಿ ಕಾಣೆಯಾಗಿದೆ ಎಂದು ಗೊತ್ತಾದದ್ದು ಅದೇ ದಿನ ಸಂಜೆ ಐದಕ್ಕೆ. ಎರಡನ್ನೂ ಕೂಡಿಸಿ ಜನ ಒಬ್ಬ ಕಳ್ಳನನ್ನು ತಂದು ಕೂರಿಸಿದರು.

ಆ ಕಳ್ಳ ಅವಳ ಗಂಡ ರಾಘವನೇ. ಉಡುಪಿ ಬಳಿಯ ಹಂಗಾರಕಟ್ಟೆಯವನು. ಅಪ್ಪ, ಅಜ್ಜ ಇಬ್ಬರೂ ದೋಣಿ ಕಟ್ಟುತ್ತಿದ್ದವರು. ಅವನ ಕೈಗೆ ಉಳಿ ಬರಲಿಲ್ಲ, ಸೌಟು ಬಂತು. ಹದಿನಾರಕ್ಕೆ ಸೂರತ್‌ ಸೇರಿ ಪಾಂಡೇಸರಾದ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತ. ಜಲಜಾ ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಬಣ್ಣದ ಮಿಲ್ಲಿನ ಮೋರಿ ಒಂದು ದಿನ ನೀಲಿ, ಮರುದಿನ ಕೆಂಪು ಹರಿಯುವುದನ್ನು ಕಂಡು, "ಇಲ್ಲಿ ಚರಂಡಿಗೂ ದಿನಕ್ಕೊಂದು ಸೀರೆ ಉಡಿಸ್ತಾರಾ?" ಎಂದು ಕೇಳಿದ್ದಳು. ರಾಘವ ಅದನ್ನು ಹೋಟೆಲಿನಲ್ಲೆಲ್ಲ ಹೇಳಿಕೊಂಡು ಒಂದು ವಾರ ನಕ್ಕಿದ್ದ.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಸೂರತ್ತಿನಾಚೆ ಹಜೀರಾ ರಸ್ತೆಯ ಬದಿಗೆ ತಗಡಿನ ಮಾಡು ಹಾಕಿ ಸ್ವಂತ ಕ್ಯಾಂಟೀನು ತೆರೆದರು. ಲಾರಿಯವರು, ಪ್ಲಾಂಟಿನವರು ಬರುತ್ತಿದ್ದರು. ಪಾತ್ರೆಗೆ ಚಂಪಾಬೆನ್ ಇದ್ದಳು. ಮಗಳು ಪೂರ್ವಿ ಸೂರತ್ತಿನಲ್ಲೇ ಹುಟ್ಟಿ, ಅಲ್ಲೇ ಓದಿ, ವಡೋದರಾದ ಮಕರಪುರದಲ್ಲಿ ಒಂದು ಫ್ಯಾಕ್ಟರಿಯ ಆಫೀಸಿಗೆ ಕೆಲಸಕ್ಕೆ ಸೇರಿದಳು.

ಹಡಗು ಸಿಕ್ಕಿದ್ದು ಕ್ಯಾಂಟೀನಿನ ಹಿಂದೆಯೇ. ಯಾವುದೋ ಗೋದಾಮಿಗೆಂದು ಪಾಯ ತೋಡುವಾಗ ಕೆಸರಿನಡಿಯಲ್ಲಿ ಕಪ್ಪು ಹಲಗೆ ಕಂಡಿತು. ಕೆಲಸ ನಿಂತಿತು. ಪುರಾತತ್ವ ಇಲಾಖೆಯವರು ಬಂದು ಗುಂಡಿಯ ಸುತ್ತ ಹಗ್ಗ ಕಟ್ಟಿದರು. ಅವರ ಮುಖ್ಯಸ್ಥ ಸುಧೀರ್, ಧಾರವಾಡದವನು, ಮೂವತ್ತೈದರ ಆಸುಪಾಸು. ಹೊತ್ತು ಹೊತ್ತಿಗೆ ಊಟ ರಾಘವನ ಕ್ಯಾಂಟೀನಿನಿಂದಲೇ ಹೋಗುತ್ತಿತ್ತು.

ಹಡಗು ಯಾರದು ಎಂಬುದೇ ಎಲ್ಲರ ತಲೆ ತಿನ್ನುತ್ತಿದ್ದ ಪ್ರಶ್ನೆ. ಅರಬರದು ಎಂದರು ಕೆಲವರು. ಸೂರತ್ತಿನಲ್ಲೇ ಕಟ್ಟಿದ್ದು ಎಂದರು ಉಳಿದವರು. ಒಂದು ದಿನ ರಾಘವ ಮಜ್ಜಿಗೆಯ ಕ್ಯಾನು ಇಳಿಸಿ, ಗುಂಡಿಯೊಳಗೆ ಬಗ್ಗಿ ನೋಡಿ, "ಇದು ನಮ್ಮ ಬದಿಯ ಕೆಲಸ ಇದ್ದ ಹಾಗೆ ಉಂಟು" ಎಂದ.

ಸುಧೀರ್ ನಕ್ಕುಬಿಟ್ಟ. "ರಾಘಣ್ಣ, ನಿಮಗ ನೀರಾಗ ತೇಲೂ ಕಟ್ಟಿಗಿ ಎಲ್ಲಾ ಉಡುಪಿದ ಕಾಣ್ತದ. ನಾಳೆ ಟೈಟಾನಿಕ್ಕೂ ಮಲ್ಪೆದಾಗ ಕಟ್ಟಿದ್ದು ಅಂತೀರಿ."

"ಹಾಗೆ ಹೇಳುದಿಲ್ಲ ಸಾರ್. ಮಲ್ಪೆಯವರು ಕಟ್ಟಿದ್ರೆ ಅದು ಮುಳುಗ್ತಿರಲಿಲ್ಲ."

ಎಲ್ಲರೂ ನಕ್ಕರು. ರಾಘವನೂ ನಕ್ಕ. ಆದರೆ ಮನೆಗೆ ಬಂದ ಮೇಲೆ, "ಕಪ್ಪಿ ಸಿಕ್ಕಲಿ, ತೋರಿಸ್ತೇನೆ" ಎಂದು ಜಲಜಾಳ ಮುಂದೆ ಗೊಣಗಿದ. ಕಪ್ಪಿಯೆಂದರೆ ಹಾಯಿಯ ಹಗ್ಗ ಎಳೆಯುವ ಮರದ ಗಾಲಿ. ಅದರಲ್ಲಿ ಎಂತ ನೋಡುವುದುಂಟು ಎಂದು ಅವಳು ಕೇಳಿದಳು. ಅವನು ಹೇಳಿದ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

ಮೇ ಹದಿನೆಂಟಕ್ಕೆ ಕಪ್ಪಿ ಸಿಕ್ಕಿತು. ಅಂಗೈ ಅಗಲದ್ದು. ಅದರ ಜೊತೆಗೆ ಹನ್ನೊಂದು ಸಣ್ಣ ಮರದ ತುಂಡುಗಳು. ನೂರಾರು ವರ್ಷ ಕೆಸರಿನಲ್ಲಿದ್ದ ಮರ ಒಣಗಬಾರದು, ಒಣಗಿದರೆ ಸೀಳುತ್ತದೆ. ಅದಕ್ಕೇ ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಒದ್ದೆ ಗೋಣಿ ಹೊದೆಸಿ, ಗಂಟೆಗೊಮ್ಮೆ ನೀರು ಹೊಡೆಯುತ್ತಿದ್ದರು.

ಮರುದಿನ ರಾಘವ ಗುಂಡಿಗೆ ಮಜ್ಜಿಗೆ ಕೊಟ್ಟು ಬರುತ್ತೇನೆಂದು ಹೋದ. ಬಂದು ನೇರ ಅಡುಗೆಮನೆಗೆ ಹೋದ. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಎದೆ ಉರೀತದೆ ಮಾರಾಯ್ತಿ, ನೀರು ಕೊಡು" ಎಂದ. ನೀರು ತರುವುದರೊಳಗೆ ಮಗ್ಗುಲಿಗೆ ವಾಲಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

ಮೂರನೇ ದಿನ ಸುಧೀರ್ ಇಬ್ಬರನ್ನು ಕರೆದುಕೊಂಡು ಕ್ಯಾಂಟೀನಿಗೆ ಬಂದ. ಕಣ್ಣೆತ್ತಿ ನೋಡಲಿಲ್ಲ. "ಅಕ್ಕಾರ, ಕಪ್ಪಿ ಸಿಗವಲ್ದು. ಎಲ್ಲಾ ಕಡೆ ನೋಡಾಕತ್ತೀವಿ. ಇಲ್ಲೂ ಒಂದ್ಸಲ ನೋಡ್ತೀವ್ರಿ."

"ನೋಡಿ," ಎಂದಳು ಜಲಜಾ.

ಅಕ್ಕಿ ಚೀಲ ಸುರಿದರು. ಟ್ರಂಕು ಬಿಚ್ಚಿದರು. ಅವಳ ಧಾರೆ ಸೀರೆ ಕೊಡವಿದರು. ಒಬ್ಬ ಮೂಲೆಯ ಭರಣಿಗೆ ಕೈ ಹಾಕಹೋದಾಗ ಅಡ್ಡ ನಿಂತಳು. ಅದರಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ ಇತ್ತು, ಮಳೆಗಾಲಕ್ಕೆಂದು ರಾಘವನೇ ಹಾಕಿದ್ದು. ಸೂತಕದ ಮನೆಯಲ್ಲಿ ಉಪ್ಪಿನ ಭರಣಿ ಮುಟ್ಟುವ ಕ್ರಮ ಇಲ್ಲ. ಮುಟ್ಟಿದರೆ ಸೊಳೆ ಕೆಡುತ್ತದೆ. ಅವಳೇ ಮುಟ್ಟಿರಲಿಲ್ಲ.

"ಇದು ಆಗುದಿಲ್ಲ."

"ಒಂದು ನಿಮಿಷ ಅಕ್ಕಾರ."

"ಅರ್ಧ ನಿಮಿಷವೂ ಆಗುದಿಲ್ಲ. ಸೊಳೆ ಬಿಟ್ಟು ಅದರಲ್ಲಿ ಎಂತದ್ದೂ ಇಲ್ಲ. ಹೋದವರ ಮೇಲೆ ಆಣೆ."

ಸುಧೀರ್ ಅವಳ ಬೋಳು ಕುತ್ತಿಗೆಯನ್ನೊಮ್ಮೆ ನೋಡಿ, "ಬಿಡ್ರಿ" ಎಂದ. ಇನ್ನೊಬ್ಬ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಆ ಬರೆದದ್ದು ಊರೆಲ್ಲ ಓಡಾಡಿತು. ಅಡುಗೆಯವನ ಮೇಲೆ ಅನುಮಾನವಿದೆ, ಹೆಂಡತಿ ಹುಡುಕಲು ಬಿಡಲಿಲ್ಲ ಎಂದು. ತರಕಾರಿಯವನು ಬೆಂಡೆಕಾಯಿ ತೂಗುತ್ತ, "ಚಿನ್ನದ್ದಾಗಿತ್ತಾ ಬೆನ್?" ಎಂದು ಕೇಳಿದ. "ಹೌದು, ನಿನ್ನ ತಕ್ಕಡಿಯೂ ಅದರಲ್ಲೇ ಮಾಡಿದ್ದು" ಎಂದಳು. ಮರುದಿನದಿಂದ ಬೇರೆ ಗಾಡಿಗೆ ಹೋದಳು. ದಿನದ ಗಿರಾಕಿಗಳಲ್ಲಿ ಕೆಲವರು ಚಾ ಕುಡಿಯುತ್ತ ಅಡುಗೆಮನೆಯೊಳಗೆ ಇಣುಕುತ್ತಿದ್ದರು. ಅವಳು ಬಾಗಿಲಿನ ಪರದೆ ಕಿತ್ತು ಬಿಸಾಡಿದಳು. ನೋಡಲಿ. ನನ್ನ ಗಂಡ ಕಳ್ಳನಲ್ಲ.

ಆಗಸ್ಟಿನಲ್ಲಿ, ಮಳೆ ಹಿಡಿದ ದಿನ, ಪಲ್ಯಕ್ಕೆಂದು ಭರಣಿ ಬಿಚ್ಚಿದಳು. ಎರಡು ಹಿಡಿ ಸೊಳೆ ತೆಗೆದಳು. ಮೂರನೆಯ ಸಲ ಬೆರಳಿಗೆ ಗಟ್ಟಿ ತಾಗಿತು. ರಾಘವ ಬೆವರು ಒರೆಸಲು ಹೆಗಲಿಗೆ ಹಾಕುತ್ತಿದ್ದ ಬೈರಾಸು. ಅದರೊಳಗೆ ಕಪ್ಪಿ.

ಅವಳು ಚಂಪಾಬೆನ್‌ಳನ್ನು ಕೂಗಿದಳು. ಚಂಪಾಬೆನ್ ಓಡಿ ಬಂದು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು.

ಜಲಜಾಳಿಗೆ ಮೊದಲು ಬಂದದ್ದು ಸಿಟ್ಟು. ಸತ್ತವನ ಮೇಲೆ ಸಿಟ್ಟು. ಒಂದು ಮಾತು ಹೇಳಿ ಸಾಯಬಾರದಿತ್ತಾ? ಆಮೇಲೆ ತನ್ನ ಮೇಲೆ. ಆಣೆ ಹಾಕಿದ್ದು ತಾನು. ಅಡ್ಡ ನಿಂತದ್ದು ತಾನು. ಅಂದು ಭರಣಿ ಬಿಚ್ಚಲು ಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ಈಗ ಕೊಂಡುಹೋಗಿ ಕೊಟ್ಟರೆ, ಅದಕ್ಕೇ ಅಡ್ಡ ನಿಂತದ್ದು ಎನ್ನುತ್ತಾರೆ.

ಭಾನುವಾರ ಪೂರ್ವಿ ಬಂದಳು. ಕೇಳಿದ್ದೇ ಎದ್ದು ಬಾಗಿಲು ಹಾಕಿದಳು. "ಜವಾ ದೇ ನೇ, ಬಿಟ್ಬಿಡು ಮಮ್ಮಿ. ತಾಪಿ ನದಿಯಲ್ಲಿ ಹಾಕಿ ಬಿಡು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗ್ತದಲ್ಲ."

"ಪೊಲೀಸ್ ಕೇಸ್ ಆಗುತ್ತೆ, ಸಮಝೋ. ಪಪ್ಪಾ ತೊಗೊಂಡಿದ್ದು ಸಚ್ಚಿ ಅಲ್ವಾ?"

ಜಲಜಾ ಮಗಳನ್ನು ದಿಟ್ಟಿಸಿದಳು. ಮಗಳು ಕೂಡ ಹಾಗೆ ಅಂದುಕೊಂಡಿದ್ದಾಳೆ, ಮೂರು ತಿಂಗಳಿಂದ. ಅಪ್ಪನ ಫೋಟೊದ ಮುಂದೆ ದೀಪ ಹಚ್ಚುತ್ತಲೇ. ಅಷ್ಟು ಸಾಕಾಯಿತು.

"ಕದ್ದವ ಉಪ್ಪುನೀರಲ್ಲಿ ಹಾಕ್ತಾನಾ? ಮಾರ್ತಾನೆ. ನಿನ್ನ ಅಪ್ಪ ಇದನ್ನು ಒಣಗದ ಹಾಗೆ ಇಟ್ಟದ್ದು. ನಡಿ, ನಾಳೆ ನಿನ್ನ ಜೊತೆ ನಾನೂ ಬರ್ತೇನೆ. ಸುಧೀರ್ ಸಾರ್ ಈಗ ಇಲಾಖೆಯ ವಡೋದರಾ ಆಫೀಸಲ್ಲಿ ಅಲ್ವಾ ಇರುದು?"

ಕಪ್ಪಿಯನ್ನು ಹೊರಗೆ ತೆಗೆಯಲಿಲ್ಲ. ಸೊಳೆ ಸಮೇತ, ನೀರು ಸಮೇತ, ಭರಣಿಯ ಬಾಯಿಗೆ ಬಟ್ಟೆ ಬಿಗಿದು ರೈಲು ಹತ್ತಿಸಿದಳು. ಎದುರು ಕೂತವನೊಬ್ಬ ಮೂಗು ಮುಚ್ಚಿಕೊಂಡ. "ಉಪ್ಪಿನಕಾಯಿಯಾ?" ಎಂದ. "ಸಾಕ್ಷಿ" ಎಂದಳು ಕನ್ನಡದಲ್ಲೇ.

ಸುಧೀರನ ಮೇಜಿನ ಮೇಲೆ ಭರಣಿ ಇಟ್ಟು, ಕೈ ಹಾಕಿ, ಬೈರಾಸು ಬಿಚ್ಚಿ ತೋರಿಸಿದಳು. ಸುಧೀರ್ ಎದ್ದು ನಿಂತ. ಕಪ್ಪಿಯನ್ನು ಬೆಳಕಿಗೆ ಹಿಡಿದ. ಒಂದು ಕೂದಲೆಳೆಯಷ್ಟೂ ಸೀಳಿರಲಿಲ್ಲ.

"ಉಳಿದ ಹನ್ನೊಂದು ಎಲ್ಲಿ ಉಂಟು?" ಜಲಜಾ ಕೇಳಿದಳು. "ತೋರಿಸಿ."

"ಅವು ಯಾಕ್ರಿ ಈಗ?"

"ತೋರಿಸಿ ಸಾರ್."

ಅವನು ತಡೆದು ತಡೆದು ಕಪಾಟಿನಿಂದ ಡಬ್ಬಿ ತಂದ. ಹನ್ನೊಂದೂ ಸೀಳಿದ್ದವು, ಬಿಸಿಲಿಗೆ ಒಣಗಿದ ತೆಂಗಿನ ಚಿಪ್ಪಿನ ಹಾಗೆ. ಜಲಜಾ ಒಂದೊಂದನ್ನೇ ನೋಡಿದಳು. ಮಗಳಿಗೂ ತೋರಿಸಿದಳು.

"ಅವತ್ತು ನೀರು ಹೊಡೆದದ್ದು ಯಾರು?"

ಸುಧೀರ್ ಕುರ್ಚಿಯಲ್ಲಿ ಕೂತ. "ಯಾರೂ ಇಲ್ರಿ. ಅಹಮದಾಬಾದಿಂದ ದೊಡ್ಡವರು ಬಂದಿದ್ರು. ಅವರ ಕೂಡ ಎಲ್ಲಾರೂ ಸಿಟಿಗೆ ಊಟಕ್ಕ ಹೋಗಿದ್ವಿ. ನಾಕ್ ತಾಸು. ಕಾವಲುಗಾರಗ ಹೇಳೋದು ನನಗ ಮರ್ತೇ ಹೋತು."

"ಇವರು ಮರೆಯಲಿಲ್ಲ. ಉಳಿದದ್ದನ್ನು ತರುವಷ್ಟು ಹೊತ್ತು ಸಿಗಲಿಲ್ಲ, ಅಷ್ಟೆ."

"ಒಪ್ತೀನ್ರಿ. ನೀವು ಚಿಂತಿ ಮಾಡಬ್ಯಾಡ್ರಿ." ಅವನು ಕಾಗದ ಎಳೆದುಕೊಂಡ. "ವಸ್ತು ತಿರುಗಿ ಬಂತು, ಮನಿಯವರು ತಂದು ಕೊಟ್ಟರು ಅಂತ ಬರೀತೀನಿ. ಒಂದು ಸಹಿ ಮಾಡ್ರಿ. ಕೇಸಿಲ್ಲ, ಏನಿಲ್ಲ. ಇಲ್ಲಿಗೇ ಮುಗೀತು."

ಪೂರ್ವಿ ತಾಯಿಯ ತೋಳು ಒತ್ತಿದಳು. "ಮಮ್ಮಿ, ಮಾಡಿಬಿಡು. ಬಸ್, ಸಾಕು."

ಜಲಜಾ ಕಪ್ಪಿಯನ್ನು ಅವನ ಕೈಯಿಂದ ತೆಗೆದುಕೊಂಡು ಭರಣಿಗೆ ಹಾಕಿ, ಬಾಯಿಯ ಮೇಲೆ ಅಂಗೈ ಇಟ್ಟಳು.

"ತಂದು ಕೊಟ್ಟರು ಅಂದ್ರೆ ಕದ್ದುಕೊಂಡು ಹೋಗಿದ್ದರು ಅಂತಲ್ವಾ? ನಾನು ಅದಕ್ಕೆ ರುಜು ಹಾಕುದಿಲ್ಲ. ಬಿಸಿಲಿಗೆ ಬಿಟ್ಟದ್ದು ಯಾರು, ಉಳಿಸಿದ್ದು ಯಾರು, ಎರಡೂ ಬರೀರಿ."

"ಹಂಗ ಬರದ್ರ ನನ್ನ ಪ್ರಮೋಶನ್ ಹೋಗ್ತದ್ರಿ ಅಕ್ಕಾರ."

"ಹೋಗಲಿ. ನನ್ನವರೇ ಹೋದರು."

ಅವನು ಮುಖ ಒರೆಸಿಕೊಂಡ. ಜಲಜಾ ಕಾಯಲಿಲ್ಲ. "ಹಡಗು ಎಲ್ಲಿಯದು ಅಂತ ಗೊತ್ತಾಯ್ತಾ ನಿಮಗೆ?"

"ಇಲ್ಲ. ಯಾಕ್ರಿ?"

"ನನಗೆ ಗೊತ್ತುಂಟು. ಇವರು ಹೇಳಿದ್ದಾರೆ. ಕಪ್ಪಿಯಲ್ಲೇ ಉಂಟು ಗುರುತು. ನೀವು ಬರೆದ ಮೇಲೆ ತೋರಿಸ್ತೇನೆ. ಬರೆಯದಿದ್ದರೆ ನನ್ನ ಜೊತೆಗೇ ಸಾಯ್ತದೆ ಅದು."

ಸುಧೀರ್ ಕಾಗದವನ್ನು ಹತ್ತಿರಕ್ಕೆ ಸರಿಸಿಕೊಂಡ. ಕೊನೆಗೆ ಪೆನ್ನು ತೆರೆದ. ಇಂಗ್ಲಿಷಿನಲ್ಲಿ ಶುರು ಮಾಡಿದ. ಜಲಜಾ ಬೆರಳಿನಿಂದ ಕಾಗದ ತಟ್ಟಿದಳು. "ನನಗೆ ಓದ್ಲಿಕ್ಕೆ ಬರುವ ಹಾಗೆ." ಅವನು ಹಾಳೆ ಬದಲಿಸಿ ಕನ್ನಡದಲ್ಲಿ ಬರೆದ. ಅದನ್ನೇ ಕೆಳಗೆ ಇಂಗ್ಲಿಷಿನಲ್ಲೂ ಬರೆದ. ಪೂರ್ವಿ ಇಂಗ್ಲಿಷು ಓದಿ ತಲೆಯಾಡಿಸಿದಳು. ಜಲಜಾ ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ನೀರು ಹೊಡೆಸದೆ ಹೋದವನು ನಾನು ಎಂದಿತ್ತು. ಉಳಿಸಿದವನು ಕ್ಯಾಂಟೀನಿನ ಅಡುಗೆಯವನು ಎಂದಿತ್ತು.

"ಅಡುಗೆಯವರು ಹಜೀರಾದಲ್ಲಿ ಸಾವಿರ ಜನ ಇದ್ದಾರೆ. ಹೆಸರು ಹಾಕಿ."

"ಹೇಳ್ರಿ."

ಇಪ್ಪತ್ತೈದು ವರ್ಷದಲ್ಲಿ ಅವಳು ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ. "ರಾಘವ," ಎಂದಳು. "ಹಂಗಾರಕಟ್ಟೆ ಗಣಪತಿ ಆಚಾರಿಯ ಮಗ ರಾಘವ."

ಅವನು ಬರೆದ. ಪೂರ್ವಿ ಅತ್ತ ತಿರುಗಿ ಕಣ್ಣು ಒರೆಸಿಕೊಂಡಳು.

ಆಮೇಲೆ ಜಲಜಾ ಕಪ್ಪಿಯನ್ನು ಹೊರತೆಗೆದು ನಡುವಿನ ತೂತಿಗೆ ಕಿರುಬೆರಳು ಹಾಕಿ ತಿರುಗಿಸಿದಳು. ಬೆರಳ ತುದಿ ಕಪ್ಪಾಯಿತು. "ಇದು ಮಸಿ. ಬೇರೆಯವರು ತೂತು ಕೊರೀತಾರೆ. ಇವರ ಮನೆಯಲ್ಲಿ ಕಾದ ಕಬ್ಬಿಣ ಹಾಕಿ ಸುಡುದು. ಸುಟ್ಟ ಮರ ನೀರು ಕುಡಿಯುದಿಲ್ಲ, ಗಾಲಿ ಹಿಡಿಯುದಿಲ್ಲ. ಅಜ್ಜನ ಕಾಲದಿಂದ ಹಾಗೇ. ಅವರ ಅಜ್ಜನ ಕಾಲದಿಂದಲೂ ಇರ್ಬಹುದು."

ಸುಧೀರ್ ಭೂತಗನ್ನಡಿ ಹಿಡಿದು ತೂತಿನೊಳಗೆ ನೋಡಿದ. ಮತ್ತೆ ನೋಡಿದ. "ರಾಘಣ್ಣ ಹೇಳಿದಾಗ ನಾ ನಕ್ಕಿದ್ದೆ," ಎಂದ ಮೆಲ್ಲಗೆ.

"ಗೊತ್ತುಂಟು. ಅವರೂ ನಕ್ಕಿದ್ದರು."

ಅವಳು ಸೆರಗಿಗೆ ಬೆರಳು ಒರೆಸಿ ಎದ್ದಳು. ಸುಧೀರ್ ಬಾಗಿಲವರೆಗೆ ಬಂದ. "ಅಕ್ಕಾರ, ನಾನೇನೋ ಬರದೀನಿ. ಮ್ಯಾಲಿನವರು ಈ ಸಾಲು ಹೊಡದು ಹಾಕಿದ್ರ ನಾ ಏನೂ ಮಾಡಾಕ ಬರಂಗಿಲ್ರಿ."

"ಅವರು ಕೂತುಕೊಳ್ಳುದು ಎಲ್ಲಿ?"

"ಅಹಮದಾಬಾದಿನ್ಯಾಗ."

"ಅಲ್ಲಿಗೂ ರೈಲು ಹೋಗ್ತದಲ್ಲ," ಎಂದಳು ಜಲಜಾ.