ಮೆಟ್ಟಿಲು ಮಿಸ್ ಹಾಕಿದ ಸಹಿ

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ, ಓದು ತಲೆಗೆ ಹತ್ತದ ಮಕ್ಕಳಿಗೆ ಓದಲು ಕಲಿಸುತ್ತಿದ್ದ ಶಿಕ್ಷಕಿಯನ್ನು ಇಡೀ ಶಾಲೆ ‘ಮೆಟ್ಟಿಲು ಮಿಸ್’ ಎಂದೇ ಕರೆಯುತ್ತಿತ್ತು. ಒಂದು ಅಕ್ಷರಕ್ಕೆ ಒಂದು ವಾರ ಹಿಡಿದರೂ ಮುಖ ಸಿಂಡರಿಸಿದವರಲ್ಲ.

ಆ ವರ್ಷ ಶಿಕ್ಷಣ ಕಚೇರಿ ತನ್ನ ಹನ್ನೊಂದು ಶಾಲೆಗಳಿಗೆ ದೊಡ್ಡ ಅನುದಾನ ತರಲು ಹೊರಟಿತು. ಹಣ ಕೊಡುವವರು ಸುಧಾರಣಾ ಯೋಜನೆ ಕೇಳಿದ್ದರು. ಪರೀಕ್ಷೆಯಲ್ಲಿ ಅಂಕ ಏರಿಸಿ ತೋರಿಸಲಾಗದ ತರಗತಿಗಳನ್ನು ಮುಚ್ಚಬೇಕು, ಯೋಜನೆಗೆ ಪ್ರತಿಯೊಬ್ಬ ಶಿಕ್ಷಕರ ಸಹಿಯೂ ಇರಬೇಕು ಎಂಬುದು ಅವರ ಷರತ್ತು.

ಹೆಡ್‌ಮಾಸ್ಟರು ಕಾಗದ ಹಿಡಿದು ತಾವೇ ಬಂದರು.

“ನನ್ನ ತರಗತಿ ಮುಚ್ಚೋಕೆ ನನ್ನ ಸಹಿನೇ ಬೇಕಾ ಸಾರ್?” ಎಂದರು ಮಿಸ್.

“ನನ್ನ ಕೈಲಿ ಏನಿದೆ ಹೇಳಿ? ನೀವೊಬ್ರು ಹಾಕದಿದ್ರೆ ಹನ್ನೊಂದು ಶಾಲೆಗೂ ದುಡ್ಡು ಕೈ ತಪ್ಪುತ್ತೆ. ಮೇಲಿನ ತರಗತಿ ಸೂರು ನೋಡಿದೀರಲ್ಲ, ಯಾವತ್ತು ಬೀಳುತ್ತೋ.”

“ನನ್ನ ಮಕ್ಕಳು?”

“ಬೇರೆಯವರ ಜೊತೆ ಕೂರ್ತಾರೆ,” ಎಂದು ಅವರು ನೆಲ ನೋಡಿದರು.

ಆ ಮಕ್ಕಳು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಜಗಳವಾಡೋಣವೆಂದರೆ ಎದುರಿಗಿದ್ದವರೂ ತಮ್ಮಷ್ಟೇ ಕೈಲಾಗದೆ ನಿಂತಿದ್ದರು. ಮಿಸ್ ಸಹಿ ಹಾಕಿದರು.

ಅನುದಾನ ಬಂತು, ಸೂರು ರಿಪೇರಿಯಾಯಿತು. ಮಿಸ್‌ಗೆ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಸಿಕ್ಕಿತು. ಮೊದಲ ಪಟ್ಟಿಯಲ್ಲೇ ತಮ್ಮ ಒಂಬತ್ತು ಮಕ್ಕಳ ಹೆಸರುಗಳ ಮುಂದೆ ಒಂದೊಂದಾಗಿ ಸೊನ್ನೆ ಒತ್ತುತ್ತಾ ಹೋದರು. ಒಬ್ಬ ಹುಡುಗಿಯ ಹೆಸರಿಗೆ ಬಂದಾಗ ಬೆರಳು ನಿಂತಿತು. ಕೋಣೆ ಮುಚ್ಚುವ ಹಿಂದಿನ ದಿನ ಒಂದು ಪುಟ ಪೂರ್ತಿ ಓದಿ ಕುಣಿದಾಡಿದವಳು ಅವಳು.

ಅಂಕಪಟ್ಟಿಯ ಕಾಗದವನ್ನು ಮತ್ತೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅವಳ ಹೆಸರಿನ ಮುಂದೆಯೂ ಸೊನ್ನೆಯೇ ಇತ್ತು. ಒತ್ತಿದರು.